ಬೆನ್ನುಮೂಳೆಯ ರಚನೆ: ಮರದಿಂದ ಬಿದ್ದವರನ್ನು ಎತ್ತುವ ಮುನ್ನ ತಿಳಿದಿರಲಿ

ಮಂಗಳೂರಿನಿಂದ ಹೊರಟು ಚಾರ್ಮಾಡಿ ಘಾಟಿ ಹತ್ತಿ, ಬೇಲೂರು, ಅರಸೀಕೆರೆಗಳನ್ನು ದಾಟಿ ತುಮಕೂರು ಸೇರುವ ರಾಷ್ಟ್ರೀಯ ಹೆದ್ದಾರಿ 73 ತಿಪಟೂರಿನ ತೆಂಗಿನ ಸೀಮೆಯ ಮೂಲಕ ಹಾದುಹೋಗುತ್ತದೆ. ತಿಪಟೂರು ತಾಲ್ಲೂಕಿನ ಬಿಳಿಗೆರೆ, ನೆರೆಯ ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಜನರ ಬದುಕು ನಿಂತಿರುವುದೇ ತೆಂಗಿನ ಮೇಲೆ. ಬಲಿತ ಕಾಯಿಗಳನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ ಉಂಡೆ ಕೊಬ್ಬರಿ ಮಾಡುವುದು ಅಲ್ಲಿಯ ಪದ್ಧತಿ. ನಮ್ಮ ಕರಾವಳಿಯಲ್ಲಿ ಆ ಪದ್ಧತಿ ಇಲ್ಲದಿರಬಹುದು, ಆದರೆ ಮರ ಹತ್ತುವವರ ಕಷ್ಟ ಮತ್ತು ಅಪಾಯ ಎರಡೂ ಕಡೆ ಒಂದೇ. ಹತ್ತುವುದು, ಬಗ್ಗುವುದು, ಹೊರುವುದು, ತಲೆ ಎತ್ತಿ ಗೊನೆ ನೋಡುವುದು, ಈ ಎಲ್ಲ ಕೆಲಸಗಳ ಭಾರವನ್ನು ತಾಳಿಕೊಳ್ಳುವುದು ಬೆನ್ನುಮೂಳೆ. ಅದು ಹೇಗೆ ರಚನೆಯಾಗಿದೆ ಎಂಬುದನ್ನು ಪ್ರತಿ ಮನೆಯವರೂ ತಿಳಿದಿದ್ದರೆ, ಅಪಘಾತದ ಹೊತ್ತಿನಲ್ಲಿ ಒಬ್ಬ ಮನುಷ್ಯನ ಕಾಲುಗಳನ್ನು ಉಳಿಸಲು ಸಾಧ್ಯವಾಗಬಹುದು.

33 ಮಣಿಗಳ ಸರ

ತೆಂಗಿನ ಮರದ ಕಾಂಡ ಒಂದೇ ತುಂಡು. ಆದರೆ ನಮ್ಮ ಬೆನ್ನುಮೂಳೆ ಒಂದೇ ಮೂಳೆಯಲ್ಲ. ಒಟ್ಟು 33 ಮಣಿಗಳು ಒಂದರ ಮೇಲೊಂದು ಜೋಡಣೆಯಾಗಿವೆ. ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5. ಇವು 24 ಚಲಿಸುವ ಮಣಿಗಳು. ಅದರ ಕೆಳಗಿನ 5 ಮಣಿಗಳು ಬೆಸೆದುಕೊಂಡು ತ್ರಿಕಾಸ್ಥಿಯಾಗಿವೆ. ಕೊನೆಯ ನಾಲ್ಕು ಸಣ್ಣ ಮಣಿಗಳು ಸಾಮಾನ್ಯವಾಗಿ ಕೂಡಿಕೊಂಡು ಬಾಲದ ಮೂಳೆಯಾಗಿವೆ.

ಪ್ರತಿಯೊಂದು ಮಣಿಯ ಮುಂಭಾಗ ದಪ್ಪನಾದ ದುಂಡು ದಿಮ್ಮಿಯಂತಿದೆ. ಭಾರ ಹೊರುವುದು ಅದೇ. ಹಿಂಭಾಗದಲ್ಲಿ ಒಂದು ಕಮಾನು ಇದೆ. ಈ ಕಮಾನುಗಳು ಒಂದರ ಮೇಲೊಂದು ಸೇರಿದಾಗ ಒಂದು ಕೊಳವೆಯಾಗುತ್ತದೆ. ಈ ಕೊಳವೆಯೊಳಗೆ ಇರುವುದೇ ಬೆನ್ನುಹುರಿ. ಸುಮಾರು 45 ಸೆಂಟಿಮೀಟರ್ ಉದ್ದದ, ಕೈಬೆರಳಿಗಿಂತ ದಪ್ಪವಲ್ಲದ ಈ ಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ. ಮೆದುಳಿನ ಆಜ್ಞೆ ಕಾಲಿಗೆ ತಲುಪುವುದು, ಕಾಲಿನ ನೋವು ಮೆದುಳಿಗೆ ತಿಳಿಯುವುದು ಈ ದಾರಿಯಲ್ಲೇ. ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಮಣಿಯ ಬಳಿ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳ ಗೊಂಚಲು ಮಾತ್ರ ಇಳಿಯುತ್ತದೆ.

ಕೀಲುಗಳು ಮಾಡುವ ಕೆಲಸ

ಎರಡು ಮಣಿಗಳ ನಡುವೆ ಮೂರು ಕಡೆ ಜೋಡಣೆ ಇದೆ. ಮುಂದೆ ಡಿಸ್ಕ್ ಎಂಬ ಮೆತ್ತೆ, ಹಿಂದೆ ಎಡಬಲಗಳಲ್ಲಿ ಒಂದೊಂದು ಪುಟ್ಟ ಕೀಲು. ಇವುಗಳನ್ನು ಗಟ್ಟಿ ನಾರಿನ ಪಟ್ಟಿಗಳು ಮತ್ತು ಸ್ನಾಯುಗಳು ಬಿಗಿದು ಹಿಡಿದಿವೆ.

ಡಿಸ್ಕ್‌ನ ಹೊರಭಾಗ ಪದರ ಪದರವಾದ ನಾರಿನ ಉಂಗುರ. ಒಳಗೆ ಎಳನೀರಿನ ಗಂಜಿಯಂತೆ ಮೆತ್ತಗಿನ ತಿರುಳು. ಈ ತಿರುಳಿನಲ್ಲಿ ಹೆಚ್ಚಿನ ಪಾಲು ನೀರೇ. ಹಗಲು ನಿಂತು ದುಡಿದಾಗ ನೀರು ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತದೆ, ರಾತ್ರಿ ಮಲಗಿದಾಗ ಮತ್ತೆ ಹೀರಿಕೊಳ್ಳುತ್ತದೆ. ಆದುದರಿಂದ ಸಂಜೆ ಅಳೆದರೆ ನಮ್ಮ ಎತ್ತರ ಬೆಳಿಗ್ಗೆಗಿಂತ ಒಂದು ಸೆಂಟಿಮೀಟರಿನಷ್ಟು ಕಡಿಮೆ ಇರುತ್ತದೆ. ವಯಸ್ಸಾದಂತೆ ನೀರಿನ ಅಂಶ ಕಡಿಮೆಯಾಗಿ ಮೆತ್ತೆ ತೆಳುವಾಗುತ್ತದೆ.

ಕುತ್ತಿಗೆಯ ಮೊದಲ ಮಣಿ ಬಳೆಯಂತಿದೆ. ಅದರ ಮೇಲೆ ತಲೆಬುರುಡೆ ಕೂರುತ್ತದೆ. ನಾವು ಹೌದೆಂದು ತಲೆಯಾಡಿಸುವುದು ಮುಖ್ಯವಾಗಿ ಈ ಕೀಲಿನಿಂದ. ಎರಡನೇ ಮಣಿಯಲ್ಲಿ ಮೇಲಕ್ಕೆ ಚಾಚಿದ ಗೂಟವಿದೆ. ಬಳೆ ಆ ಗೂಟದ ಸುತ್ತ ತಿರುಗುವುದರಿಂದ ಇಲ್ಲವೆಂದು ತಲೆ ತಿರುಗಿಸುತ್ತೇವೆ. ಕುತ್ತಿಗೆ ತಿರುಗುವುದರಲ್ಲಿ ಸುಮಾರು ಅರ್ಧ ಪಾಲು ಇದೊಂದೇ ಜಾಗದಲ್ಲಿ ನಡೆಯುತ್ತದೆ.

ಎದೆಭಾಗದ ಮಣಿಗಳಿಗೆ ಪಕ್ಕೆಲುಬುಗಳು ಅಂಟಿಕೊಂಡಿರುವುದರಿಂದ ಅವು ಹೆಚ್ಚು ಬಾಗುವುದಿಲ್ಲ. ಸೊಂಟದ ಮಣಿಗಳು ದೊಡ್ಡವು. ಅವುಗಳ ಕೀಲುಗಳು ಹಿಂದೆ ಮುಂದೆ ಬಾಗಲು ಬಿಡುತ್ತವೆ, ತಿರುಚಲು ಹೆಚ್ಚು ಬಿಡುವುದಿಲ್ಲ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಯ ಮುಂದೆ ಬಗ್ಗಿ ದಿನವಿಡೀ ಕಾಯಿ ಸುಲಿಯುವವರಿಗೆ, ಕೊಬ್ಬರಿ ಚೀಲವನ್ನು ಎತ್ತಿ ಹಾಗೆಯೇ ಸೊಂಟ ತಿರುಗಿಸಿ ಲಾರಿಗೆ ಹಾಕುವವರಿಗೆ ಸೊಂಟನೋವು ಬರುವುದು ಇದೇ ಕಾರಣದಿಂದ. ಬಗ್ಗಿದಾಗ ಮೆತ್ತೆಯ ಮುಂಭಾಗ ಒತ್ತಿ ತಿರುಳು ಹಿಂದಕ್ಕೆ ಸರಿಯುತ್ತದೆ. ನಾರಿನ ಉಂಗುರ ಸವೆದು ಹರಿದರೆ ತಿರುಳು ಹೊರಬಂದು ನರವನ್ನು ಒತ್ತುತ್ತದೆ. ಸೊಂಟದಿಂದ ಕಾಲಿನವರೆಗೆ ಎಳೆಯುವ ನೋವು ಬರುತ್ತದೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಶಸ್ತ್ರಚಿಕಿತ್ಸೆ ಇಲ್ಲದೆಯೇ ಕಡಿಮೆಯಾಗುತ್ತದೆ. ಆದರೆ ತೊಡೆಸಂದಿ ಮರಗಟ್ಟಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಹಿಡಿತ ತಪ್ಪಿದರೆ, ಕಾಲಿನ ಬಲ ಕುಂದುತ್ತಾ ಹೋದರೆ ಅದೇ ದಿನ ಆಸ್ಪತ್ರೆ ಸೇರಬೇಕು. ಎಣ್ಣೆ ತಿಕ್ಕಿಸಿಕೊಂಡು, ಬೆನ್ನು ತುಳಿಸಿಕೊಂಡು ದಿನ ಕಳೆಯುವಂತಿಲ್ಲ.

ಮರದಿಂದ ಬಿದ್ದಾಗ

40 ಅಡಿ ಎತ್ತರದಿಂದ ಬಿದ್ದ ಮನುಷ್ಯ ಒಂದೂವರೆ ಸೆಕೆಂಡಿನಲ್ಲಿ ನೆಲ ಮುಟ್ಟುತ್ತಾನೆ. ಆಗ ಅವನ ವೇಗ ಗಂಟೆಗೆ ಸುಮಾರು 55 ಕಿಲೋಮೀಟರ್. ಕಾಲೂರಿ ಅಥವಾ ಕುಂಡೆಯೂರಿ ಬಿದ್ದರೆ ಆ ಹೊಡೆತ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಹೆಚ್ಚು ಬಾಗದ ಎದೆಭಾಗ ಮುಗಿದು, ಸುಲಭವಾಗಿ ಬಾಗುವ ಸೊಂಟ ಆರಂಭವಾಗುವ ಸಂಧಿಯಲ್ಲಿ, ಅಂದರೆ ಎದೆಯ ಕೊನೆಯ ಮಣಿ ಮತ್ತು ಸೊಂಟದ ಮೊದಲ ಮಣಿಯ ಬಳಿ, ಮೂಳೆ ಜಜ್ಜಿಹೋಗುವುದು ಹೆಚ್ಚು. ಬೆನ್ನುಹುರಿಯ ಕೊನೆಯ ಭಾಗ ಇರುವುದೂ ಅಲ್ಲಿಯೇ. ಹಿಮ್ಮಡಿ ಮುರಿದವರ ಬೆನ್ನನ್ನೂ ವೈದ್ಯರು ಪರೀಕ್ಷಿಸುವುದು ಇದಕ್ಕಾಗಿ.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ನೆನಪಿಡಬೇಕು. ಮೂಳೆ ಮುರಿದವರೆಲ್ಲರಿಗೂ ಹುರಿ ಹಾನಿಯಾಗಿರುವುದಿಲ್ಲ. ಮುರಿದ ಮಣಿಯ ಚೂರು ಹುರಿಯ ಪಕ್ಕದಲ್ಲೇ ಇರಬಹುದು, ಹುರಿ ಇನ್ನೂ ಸರಿಯಿರಬಹುದು. ಆ ಹೊತ್ತಿನಲ್ಲಿ ನೆರೆಹೊರೆಯವರು ಪ್ರೀತಿಯಿಂದಲೇ ಓಡಿ ಬರುತ್ತಾರೆ. ಒಬ್ಬರು ಕಂಕುಳಿಗೆ ಕೈಹಾಕಿ, ಇನ್ನೊಬ್ಬರು ಕಾಲು ಹಿಡಿದು ಎತ್ತಿ ಆಟೊದಲ್ಲಿ ಕೂರಿಸುತ್ತಾರೆ. ಹಾಗೆ ಎತ್ತಿದಾಗ ದೇಹ ಮಡಚುವುದು ಮುರಿದ ಆ ಸಂಧಿಯಲ್ಲೇ. ಮರ ಮಾಡದ ಹಾನಿಯನ್ನು ಎತ್ತಿದ ಕೈಗಳು ಮಾಡಿಬಿಡಬಹುದು. ಬೆನ್ನುಹುರಿ ಒಮ್ಮೆ ಪೂರ್ತಿ ಹಾನಿಯಾದರೆ ಅದನ್ನು ಮೊದಲಿನಂತೆ ಮಾಡುವ ಚಿಕಿತ್ಸೆ ಇಂದಿಗೂ ಇಲ್ಲ.

ಹಾಗಾದರೆ ಏನು ಮಾಡಬೇಕು?

• ಬಿದ್ದವರನ್ನು ಎಬ್ಬಿಸಬೇಡಿ, ಕೂರಿಸಬೇಡಿ, ನಡೆಸಿ ನೋಡಬೇಡಿ. ನೀರು ಕುಡಿಸಬೇಡಿ.
• 108ಕ್ಕೆ ಕರೆ ಮಾಡಿ. ಬೆನ್ನಿಗೆ ಪೆಟ್ಟಾಗಿದೆ ಎಂದು ಸ್ಪಷ್ಟವಾಗಿ ಹೇಳಿ. ನಮ್ಮ ರಾಜ್ಯದಲ್ಲಿ ಈ ಸೇವೆ 2008ರಲ್ಲಿ ಆರಂಭವಾಯಿತು.
• ಒಬ್ಬರು ತಲೆಯ ಬಳಿ ಕುಳಿತು ಎರಡೂ ಕೈಗಳಿಂದ ತಲೆಯನ್ನು ಅಲುಗದಂತೆ ಹಿಡಿಯಲಿ. ಉಸಿರಾಟ ಗಮನಿಸುತ್ತಿರಲಿ.
• ಕಾಲ್ಬೆರಳು ಆಡಿಸಲು ಹೇಳಿ, ಮುಟ್ಟಿದ್ದು ತಿಳಿಯುತ್ತದೆಯೇ ಎಂದು ಕೇಳಿ. ಉತ್ತರವನ್ನು ವೈದ್ಯರಿಗೆ ತಿಳಿಸಿ.
• ವಾಂತಿಯಾದರೆ ಅಥವಾ ಬೇರೆ ದಾರಿಯೇ ಇಲ್ಲದೆ ಸಾಗಿಸಬೇಕಾದರೆ ನಾಲ್ವರು ಬೇಕು. ಒಬ್ಬರು ತಲೆ, ಒಬ್ಬರು ಭುಜ, ಒಬ್ಬರು ಸೊಂಟ, ಒಬ್ಬರು ಕಾಲು. ತಲೆ ಹಿಡಿದವರು ಎಣಿಸಿದಂತೆ ಎಲ್ಲರೂ ಒಟ್ಟಿಗೆ, ದಿಮ್ಮಿ ಉರುಳಿಸುವ ಹಾಗೆ ದೇಹವನ್ನು ಒಂದೇ ನೇರದಲ್ಲಿ ಪಕ್ಕಕ್ಕೆ ತಿರುಗಿಸಬೇಕು. ಸಾಗಿಸುವುದಾದರೆ ಬೆನ್ನಿನ ಅಡಿಗೆ ಅಗಲವಾದ ಹಲಗೆ ಅಥವಾ ಕಳಚಿದ ಬಾಗಿಲು ಸರಿಸಿ, ಅದರ ಮೇಲೆಯೇ ಒಯ್ಯಬೇಕು.

ಅಪಾಯ ತಪ್ಪಿಸುವುದು ಇನ್ನೂ ಒಳ್ಳೆಯದು. ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಜೋಸೆಫ್ ಅವರ ಹೆಸರಿನ ಮರ ಹತ್ತುವ ಯಂತ್ರ ನಮ್ಮ ಕಡೆಯೂ ಪರಿಚಿತ. ಅದರ ಜೊತೆಗೆ ಸೊಂಟದ ರಕ್ಷಣಾ ಪಟ್ಟಿ ಕಟ್ಟಿಕೊಳ್ಳಲೇಬೇಕು. ತೆಂಗು ಅಭಿವೃದ್ಧಿ ಮಂಡಳಿಯು ಮರ ಹತ್ತುವವರಿಗಾಗಿ ಕೇರ ಸುರಕ್ಷಾ ಎಂಬ ವಿಮಾ ಯೋಜನೆಯನ್ನು ರೂಪಿಸಿದೆ. ತೋಟದ ಯಜಮಾನರು ಕೂಲಿ ಕೊಟ್ಟರೆ ಸಾಲದು, ಕೆಲಸಕ್ಕೆ ಬಂದವರಿಗೆ ವಿಮೆ ಇದೆಯೇ ಎಂದೂ ವಿಚಾರಿಸಬೇಕು.

ನಾಲ್ವರ ಕೆಲಸ

ಕಾಲಿನ ಸ್ವಾಧೀನ ತಪ್ಪಿದವರ ಬದುಕು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆಯೂ ಹೋರಾಟವೇ. ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಮೂತ್ರದ ಸೋಂಕು ತಗಲದಂತೆ ನೋಡಿಕೊಳ್ಳಬೇಕು. ಸರಿಯಾದ ತರಬೇತಿ ಸಿಕ್ಕರೆ ಗಾಲಿಕುರ್ಚಿಯಲ್ಲಿ ಕುಳಿತೇ ದುಡಿದು ಬಾಳುವುದು ಸಾಧ್ಯ. ಎನ್. ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಅಂಗವಿಕಲರ ಸಂಸ್ಥೆ ಈ ಕ್ಷೇತ್ರದಲ್ಲಿ ದುಡಿಯುತ್ತಾ ಬಂದಿದೆ.

ಸಂತ ಮಾರ್ಕನ ಶುಭಸಂದೇಶದ ಎರಡನೇ ಅಧ್ಯಾಯದಲ್ಲಿ ಪಾರ್ಶ್ವವಾಯು ಪೀಡಿತನೊಬ್ಬನನ್ನು ಪ್ರಭು ಯೇಸುವಿನ ಬಳಿಗೆ ಹೊತ್ತು ತಂದವರೂ ನಾಲ್ವರೇ. ಅವರು ಅವನನ್ನು ಹಾಸಿಗೆ ಸಮೇತ ತಂದರು, ಬಾಗಿಲಲ್ಲಿ ದಾರಿ ಇಲ್ಲದಾಗ ಮಾಡು ತೆರೆದು ದಾರಿ ಮಾಡಿದರು. ನಮ್ಮ ಧರ್ಮಕೇಂದ್ರಗಳಲ್ಲಿ ಯುವಜನರಿಗೆ, ಸ್ತ್ರೀ ಸಂಘಟನೆಯವರಿಗೆ ಒಂದು ಭಾನುವಾರ ಪೂಜೆಯ ನಂತರ ಈ ಪ್ರಥಮ ಚಿಕಿತ್ಸೆಯನ್ನು ಕಲಿಸಲು ಒಂದು ಗಂಟೆ ಸಾಕು. ದೇವಾಲಯದ ಮೆಟ್ಟಿಲ ಪಕ್ಕದಲ್ಲಿ ಗಾಲಿಕುರ್ಚಿಗೆ ಒಂದು ಇಳಿಜಾರು ದಾರಿ ಕಟ್ಟಲು ಹೆಚ್ಚಿನ ಖರ್ಚಿಲ್ಲ. ಬಿಳಿಗೆರೆಯ ತೋಟದಲ್ಲಾಗಲಿ, ನಮ್ಮ ಮನೆಯಂಗಳದಲ್ಲಾಗಲಿ, ನಮ್ಮೆಲ್ಲರ ಅಡುಗೆಗೆ ಕಾಯಿ ಇಳಿಸಿಕೊಡುವವರಿಗೆ ನಾವು ಇಷ್ಟಾದರೂ ಸಲ್ಲಿಸಬೇಕು.