ಅಂಗಪ್ರಮಾಣವೂ ಕಿಶೋರರ ಸ್ಥೌಲ್ಯವೂ

ದೇಹವನ್ನಳೆದು ಆರೋಗ್ಯವನ್ನು ಊಹಿಸುವ ಕ್ರಮವು ಭಾರತೀಯ ವೈದ್ಯಕ್ಕೆ ಹೊಸತಲ್ಲ. ಚರಕಸಂಹಿತೆಯ ವಿಮಾನಸ್ಥಾನದ 8ನೆಯ ಅಧ್ಯಾಯದಲ್ಲಿ ಪ್ರಮಾಣಪರೀಕ್ಷೆಯು ವಿವರಿಸಲ್ಪಟ್ಟಿದೆ. ಅಲ್ಲಿ ದೇಹದ ಉದ್ದವು 84 ಅಂಗುಲ. ಆ ಅಂಗುಲವಾದರೋ ಅಳೆಯಿಸಿಕೊಳ್ಳುವವನ ಸ್ವಂತ ಬೆರಳಿನದು. ಸೂತ್ರಸ್ಥಾನದ 21ನೆಯ ಅಧ್ಯಾಯವು ಎಂಟು ಬಗೆಯ ನಿಂದಿತ ದೇಹಗಳನ್ನೆಣಿಸಿ, ಅವುಗಳಲ್ಲಿ ಅತಿಸ್ಥೂಲ, ಅತಿಕೃಶ ಎಂಬೆರಡನ್ನೇ ವಿಸ್ತರಿಸುವುದು. ಸ್ಥೌಲ್ಯ ಕಾರ್ಶ್ಯಗಳನ್ನು ಒಟ್ಟಿಗೆ ವಿಚಾರಿಸಬೇಕೆಂಬ ವಿವೇಕವು ಇದರಿಂದ ವ್ಯಕ್ತವಾಗುತ್ತದೆ.

ಆಧುನಿಕರ ಅಳತೆಯು ಬೇರೆ ದಾರಿಯಿಂದ ಬಂದುದು. ವಯಸ್ಕರ ತೂಕವು ಎತ್ತರದ ವರ್ಗಕ್ಕೆ ಅನುಗುಣವಾಗಿರುವುದನ್ನು ಬೆಲ್ಜಿಯಮ್ ದೇಶದ ಕೆಟಲೆ ಎಂಬ ಗಣಿತಜ್ಞನು 1832ರಲ್ಲಿ ಕಂಡನು. ಆತನು ಹುಡುಕುತ್ತಿದ್ದುದು ಸಾಮಾನ್ಯ ಮನುಷ್ಯನ ಲಕ್ಷಣವನ್ನೇ ಹೊರತು ರೋಗವನ್ನಲ್ಲ. 1972ರಲ್ಲಿ ಆನ್ಸೆಲ್ ಕೀಸ್ ಎಂಬ ಅಮೆರಿಕದ ವಿಜ್ಞಾನಿಯು ಅದಕ್ಕೆ ದೇಹರಾಶಿಸೂಚಿಯೆಂಬ ಅರ್ಥದ ಹೆಸರನ್ನು ಕೊಟ್ಟನು. ಕಿಲೋಗ್ರಾಮಿನ ತೂಕವನ್ನು ಮೀಟರಿನ ಎತ್ತರದ ವರ್ಗದಿಂದ ಭಾಗಿಸಿದರೆ ಈ ಸೂಚಿಯು ದೊರೆಯುವುದು. 150 ಸೆಂಟಿಮೀಟರ್ ಎತ್ತರ, 54 ಕಿಲೋ ತೂಕವುಳ್ಳ ಬಾಲಿಕೆಯ ಸೂಚಿ 24.

ಆದರೆ ಈ 24ರ ಅರ್ಥವು ವಯಸ್ಸನ್ನವಲಂಬಿಸಿದೆ. ಕಿಶೋರವಯಸ್ಸಿನಲ್ಲಿ ಎತ್ತರ, ತೂಕ, ಮೇದಸ್ಸು ಇವು ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಗಂಡುಹೆಣ್ಣುಗಳ ಬೆಳವಣಿಗೆಯೂ ಭಿನ್ನ. ಆದುದರಿಂದ ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ 5ರಿಂದ 19 ವರ್ಷದವರಿಗೆ ಬೇರೆ ಕೋಷ್ಟಕಗಳನ್ನು ಸಿದ್ಧಪಡಿಸಿತು. ಅದರಂತೆ 13 ವರ್ಷದವಳಲ್ಲಿ 24 ಎಂಬುದು ಅಧಿಕ ತೂಕ. 19 ವರ್ಷದವಳಲ್ಲಿ ಅದು ಗಡಿಯೊಳಗಿನದೇ. ಭಾರತೀಯರಲ್ಲಿ ಅಷ್ಟೇ ಸೂಚಿಗೆ ಮೇದಸ್ಸು ಹೆಚ್ಚಾಗಿರುವುದು ಕಂಡುಬಂದುದರಿಂದ, ಭಾರತೀಯ ಶಿಶುವೈದ್ಯರ ಅಕಾಡೆಮಿಯು 2015ರ ತನ್ನ ಕೋಷ್ಟಕಗಳಲ್ಲಿ ವಯಸ್ಕರ 23 ಮತ್ತು 27ಕ್ಕೆ ಸರಿಹೊಂದುವ ಕೆಳಗಿನ ಗೆರೆಗಳನ್ನು ಹಾಕಿತು. ದೇಹವು ಒಂದೇ ಆಗಿದ್ದರೂ ಕೋಷ್ಟಕವು ಬದಲಾದರೆ ನಿರ್ಣಯವೂ ಬದಲಾಗುವುದು.

ಮತ್ತೊಂದು ಕೊರತೆಯೆಂದರೆ, ತಕ್ಕಡಿಯು ಮಾಂಸವನ್ನೂ ಮೇದಸ್ಸನ್ನೂ ಬೇರ್ಪಡಿಸಲಾರದು. ಗರಡಿಯಲ್ಲಿ ಪಳಗಿದ ಹುಡುಗನ ಸೂಚಿ ಏರಿರಬಹುದು; ಕೈಕಾಲು ಸಣಕಲಾಗಿ ಹೊಟ್ಟೆ ಬಂದವನ ಸೂಚಿ ಸರಿಯಾಗಿಯೇ ಇರಬಹುದು. ಕನ್ನಡದ ಬೊಜ್ಜು ಎಂಬ ಮಾತು ತೂಕಕ್ಕಿಂತ ಹೆಚ್ಚಾಗಿ ಹೊಟ್ಟೆಯ ಕೊಬ್ಬನ್ನೇ ಸೂಚಿಸುವುದು ಇಲ್ಲಿ ಗಮನಾರ್ಹ. ಇದಕ್ಕಾಗಿ ಸೊಂಟದ ಸುತ್ತಳತೆಯನ್ನು ಎತ್ತರದೊಡನೆ ಹೋಲಿಸುವ ವಿಧಾನವಿದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ, ಉಸಿರನ್ನು ಮೆಲ್ಲನೆ ಬಿಟ್ಟಾಗ ಅಳೆಯತಕ್ಕದ್ದು. ಸುತ್ತಳತೆಯು ಎತ್ತರದ ಅರ್ಧವನ್ನು ಮುಟ್ಟಿದರೆ ಎಚ್ಚರ ಬೇಕು. ಮಗುವಿನ ಎತ್ತರದಷ್ಟು ದಾರವನ್ನು ಇಮ್ಮಡಿಸಿ ಸೊಂಟಕ್ಕೆ ಸುತ್ತಿ ನೋಡಿದರೂ ಸಾಕು. ಸ್ವಾಂಗುಲದಂತೆ ಇಲ್ಲಿಯೂ ಮಗುವಿನ ದೇಹವೇ ಮಗುವಿಗೆ ಮಾನದಂಡ.

ರಾಣೆಬೆನ್ನೂರು ತಾಲೂಕಿನ ಹಲಗೇರಿಯಂತಹ ಊರುಗಳ ಶಾಲೆಗಳಿಗೆ ಈ ವಿಚಾರವು ದೂರದ್ದಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 18 ವರ್ಷದವರೆಗಿನ ಮಕ್ಕಳ ತಪಾಸಣೆಯನ್ನು ಉದ್ದೇಶಿಸಿದೆ. 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯು ದೇಶದ 10ರಿಂದ 19 ವರ್ಷದವರಲ್ಲಿ ಶೇಕಡಾ 24 ಮಂದಿಯನ್ನು ಕೃಶರೆಂದೂ, ಶೇಕಡಾ 5 ಮಂದಿಯನ್ನು ಅಧಿಕ ತೂಕದವರೆಂದೂ ಕಂಡಿತು. ಸ್ಥೂಲರನ್ನು ಮಾತ್ರ ಅರಸುವ ಕಣ್ಣಿಗೆ ಪಕ್ಕದ ಹಲಗೆಯ ಮೇಲೆ ಕುಳಿತ ಕೃಶನು ಕಾಣದೆ ಹೋಗಬಾರದು.

ಅಳತೆಯು ಜರಡಿಯೇ ಹೊರತು ತೀರ್ಪಲ್ಲ. ಸೂಚಿಯೊಂದರಿಂದಲೇ ಸ್ಥೌಲ್ಯವನ್ನು ನಿರ್ಣಯಿಸಬಾರದೆಂದು 2025ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞಮಂಡಲಿಯೂ ಹೇಳಿತು. ಜರಡಿಯಲ್ಲಿ ನಿಂತ ಮಗುವನ್ನು ವೈದ್ಯನು ಪರೀಕ್ಷಿಸಬೇಕು. ಅದರ ಅಂಕೆಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಲಾಗದು, ಬಾಲಿಕೆಯರನ್ನು ಉಪಾಧ್ಯಾಯಿನಿಯರೇ ಮರೆಯಲ್ಲಿ ಅಳೆಯತಕ್ಕದ್ದು. ನಿಂದಿತವೆಂಬ ಶಾಸ್ತ್ರದ ಮಾತು ಚಿಕಿತ್ಸೆಗಾಗಿ ಬಂದುದು. ಸಹಪಾಠಿಗಳ ಬಾಯಲ್ಲಿ ಅದು ಅಡ್ಡಹೆಸರಾದರೆ ಅಳತೆಯ ಪ್ರಯೋಜನವೇ ಕೆಡುವುದು.