ಪ್ರಾರ್ಥನೆಗೆ ಹತ್ತು ಜನ ಇಲ್ಲದಾಗ ಚಿತ್ರ ಏನು ಮಾಡುತ್ತೆ?

ಬೆಂಗಳೂರಿನ ಯಹೂದಿಗಳಿಗೆ ಸ್ಮಶಾನ ಇದೆ, ಸಿನಗಾಗ್ ಇಲ್ಲ. ನಾನಿರುವ ಇಟ್ಟಮಡುವಿನಿಂದ ಬಹಳ ದೂರವೇನಲ್ಲ, ಮೈಸೂರು ರಸ್ತೆಯಲ್ಲಿದೆ ಆ ಸ್ಮಶಾನ. 1904ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಸಿಕ್ಕ ಜಾಗ. ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಶೂ ಅಂಗಡಿ ಇಟ್ಟಿದ್ದ ರೂಬಿನ್ ಮೋಸೆಸ್ ಅವರ ಮನೆಯಲ್ಲೇ ಸಮುದಾಯದವರು ಪ್ರಾರ್ಥನೆಗೆ ಸೇರುತ್ತಿದ್ದರು. ಹಾಗಾದರೆ ಸಮುದಾಯ ಅನ್ನಿಸಿಕೊಳ್ಳೋಕೆ ಎಷ್ಟು ಜನ ಬೇಕು, ಎಂಥ ಜಾಗ ಬೇಕು?

ಯಹೂದಿ ಸಂಪ್ರದಾಯದಲ್ಲಿ ಇದಕ್ಕೆ ಲೆಕ್ಕ ಇದೆ: ಹತ್ತು. ಸಾಮೂಹಿಕ ಪ್ರಾರ್ಥನೆಗೆ 13 ದಾಟಿದ ಹತ್ತು ಗಂಡಸರು ಇರಬೇಕು. ಇದಕ್ಕೆ ಮಿನ್ಯಾನ್ ಅಂತಾರೆ. (ಈಗ ಕೆಲವು ಉದಾರ ಪಂಥಗಳು ಹೆಂಗಸರನ್ನೂ ಎಣಿಸುತ್ತವೆ.) ಇಂಜಿನಿಯರಿಂಗ್ ಓದಿದ ನನ್ನ ತಲೆಗೆ ಇದು ಥೇಟ್ ಸರ್ವರ್‌ಗಳ ಕೋರಂ. ಇಷ್ಟು ಎದ್ದಿದ್ದರೆ ಸಿಸ್ಟಂ ನಡೆಯುತ್ತೆ, ಒಂದು ಕಡಿಮೆಯಾದರೂ ನಿಲ್ಲುತ್ತೆ. ಒಂಬತ್ತು ಜನ ಎಷ್ಟೇ ಭಕ್ತರಾದರೂ ಒಂಬತ್ತೇ.

ಕೊಚ್ಚಿಯಲ್ಲಿ ಆಗಿದ್ದು ಅದೇ. 1950ರ ದಶಕದಲ್ಲಿ ಅಲ್ಲಿನ ಬಹುಪಾಲು ಯಹೂದಿಗಳು ಇಸ್ರೇಲ್‌ಗೆ ಹೊರಟುಹೋದರು. 1568ರ ಪರದೇಶಿ ಸಿನಗಾಗ್‌ಗೆ ಇವತ್ತು ಬರೋರು ಹೆಚ್ಚಾಗಿ ಪ್ರವಾಸಿಗರು. ಚೀನಾದಿಂದ ಬಂದ ನೀಲಿ-ಬಿಳಿ ಟೈಲ್ಸ್ ನೋಡಿ ವಾಪಸ್ ಹೋಗ್ತಾರೆ. ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗ್‌ನದು ಇನ್ನೂ ವಿಚಿತ್ರ ಕತೆ. ಅದರ ಒಳಗಿನ ಮರದ ಕೆತ್ತನೆ ಈಗ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿ ಭದ್ರವಾಗಿದೆ. ಇಲ್ಲೇ ಉಳಿದ ಗೋಡೆಗಳು ಗೋದಾಮಾಗಿ, ಕೊನೆಗೆ 2019ರ ಮಳೆಗೆ ಕುಸಿದವು.

ಇಂಥ ಊರಿಗೆ 2018ರಲ್ಲಿ ಮೈದಾದ್ ಎಲಿಯಾಹು ಎಂಬ ಕಲಾವಿದ ಬಂದರು. ಇರೋದು ಜೆರುಸಲೇಮಿನಲ್ಲಿ, ಕುಟುಂಬದ ಬೇರು ಕೇರಳದಲ್ಲಿ. ಅವರ ಜೊತೆಯಾದವರು ಕೊಚ್ಚಿಯ ತೌಫೀಕ್ ಝಕರಿಯಾ. ಮುಸ್ಲಿಂ, ಆದರೆ ಹೀಬ್ರೂ ಅಕ್ಷರಗಳನ್ನು ಚಿತ್ರದಂತೆ ಬರೆಯುವ ಕ್ಯಾಲಿಗ್ರಫಿಕಾರ. ‘ರೆಡ್ ಕ್ರೌನ್, ಗ್ರೀನ್ ಪ್ಯಾರಟ್’ ಹೆಸರಿನ ಅವರ ಯೋಜನೆ ಗ್ಯಾಲರಿಗೆ ಸೀಮಿತವಾಗದೆ ಮಟ್ಟಾಂಚೇರಿಯ ಬೀದಿ ಗೋಡೆಗಳಿಗೂ ಹೋಯಿತು. ನನಗೆ ಮುಖ್ಯ ಅನ್ನಿಸೋದು ಇದೇ. ಗೋಡೆಚಿತ್ರ ನೋಡೋಕೆ ಕೋರಂ ಬೇಡ, ಧರ್ಮವನ್ನೂ ಯಾರೂ ಕೇಳಲ್ಲ.

ಮೂರ್ತಿ ಬೇಡವೆನ್ನುವ ಧರ್ಮದಲ್ಲಿ ಚಿತ್ರ ಹೇಗೆ ಅಂತ ಕೇಳಬಹುದು. ನಿಷೇಧ ಇರೋದು ಮೂರ್ತಿಯ ಆರಾಧನೆಗೆ. ಚಿತ್ರಗಳ ವಿಚಾರದಲ್ಲಿ ಒಂದೊಂದು ಕಾಲದವರು ಒಂದೊಂದು ಗೆರೆ ಎಳೆದಿದ್ದಾರೆ. ಸಿರಿಯಾದ ದೂರಾ ಯುರೋಪಸ್‌ನಲ್ಲಿ ಸಿಕ್ಕಿದ ಮೂರನೇ ಶತಮಾನದ ಸಿನಗಾಗ್‌ನ ಗೋಡೆ ತುಂಬಾ ಬೈಬಲ್ ಕತೆಗಳ ಮನುಷ್ಯರಿದ್ದಾರೆ. ಅಲ್ಲದೆ ಹೀಬ್ರೂನಲ್ಲಿ ಸಿನಗಾಗ್‌ಗೆ ಇರುವ ಹೆಸರು ಬೇತ್ ಕ್ನೆಸ್ಸೆತ್, ಅಂದರೆ ಸೇರುವ ಮನೆ. ನಮ್ಮ ಏರಿಯಾದ ಗಣೇಶನ ಪೆಂಡಾಲ್ ನೋಡಿ: ಬರೋರೆಲ್ಲ ಪೂಜೆಗೇ ಬರಲ್ಲ. ಯಾರು ಮನೆ ಖಾಲಿ ಮಾಡಿದರು, ಯಾರಿಗೆ ಹುಷಾರಿಲ್ಲ ಅಂತ ಗೊತ್ತಾಗೋದು ಮಾತ್ರ ಅಲ್ಲೇ.

ಒಂದು ಅನುಮಾನ ಇದ್ದೇ ಇದೆ. ಜನ ಹೋದ ಮೇಲೆ ಬರುವ ಪ್ರದರ್ಶನ ಚೆಂದದ ತಿಥಿಯೂ ಆಗಿಬಿಡಬಹುದು: ಬಂದವರು ನಿಟ್ಟುಸಿರು ಬಿಟ್ಟು, ಫೋಟೊ ತೆಗೆದು ಹೊರಡ್ತಾರೆ. ಹಾಗಾಗಿ ಸಿಯೋನಾ ಬೆಂಜಮಿನ್ ದಾರಿ ನನಗೆ ಹೆಚ್ಚು ಹಿಡಿಸುತ್ತೆ. ಮುಂಬೈನ ಬೆನೆ ಇಸ್ರೇಲ್ ಕುಟುಂಬದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಈಕೆ ತಮ್ಮ ಚಿತ್ರಗಳಲ್ಲಿ ಯಹೂದಿ ಹೆಂಗಸರಿಗೆ ನೀಲಿ ಮೈಬಣ್ಣ ಕೊಡ್ತಾರೆ. ನಮಗೆ ಥಟ್ಟನೆ ಕೃಷ್ಣ ನೆನಪಾಗ್ತಾನೆ. ಅವರಿಗದು ಆಕಾಶ, ಕಡಲಿನ ಬಣ್ಣ, ಯಾವ ಊರಿಗೂ ಪೂರ್ತಿ ಸೇರದ್ದು. 2010-11ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಭಾರತಕ್ಕೆ ಬಂದಾಗ ಅವರು ಖಾಲಿ ಕಟ್ಟಡಗಳ ಹಿಂದೆ ಬೀಳಲಿಲ್ಲ. ಇಲ್ಲೇ ಉಳಿದ ಯಹೂದಿಗಳನ್ನು ಭೇಟಿಯಾಗಿ, ಮಾತಾಡಿಸಿ, ಫೋಟೊ ತೆಗೆದು, ಆ ಮುಖಗಳಿಗೆ ತಮ್ಮ ಬಣ್ಣ, ಅಲಂಕಾರ ಸೇರಿಸಿದರು. ಆ ಸರಣಿಯ ಹೆಸರೇ ‘ಫೇಸಸ್’.