ಆಯ್ಕೆ ಪಟ್ಟಿಯಲ್ಲಿ ಯಾವುದು ಮೊದಲು?

ದ್ವಿತೀಯ ಪಿಯುಸಿ ಓದುವ ಮಕ್ಕಳಿರುವ ಮನೆಯಲ್ಲಿ ವರ್ಷವಿಡೀ ಅಂಕಗಳದ್ದೇ ಮಾತು. ಅದು ಸಹಜವೇ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕಗಳದ್ದು ಅರ್ಧ ಪಾಲು, ಸಿಇಟಿ ಅಂಕಗಳದ್ದು ಇನ್ನರ್ಧ. ಆದರೆ ಒಳ್ಳೆಯ ರ‍್ಯಾಂಕ್ ಬಂದ ಮೇಲೂ ಬಯಸಿದ ಸೀಟು ಕೈತಪ್ಪುವುದುಂಟು. ಒಂದು ಪ್ರಮಾಣ ಪತ್ರ ಅಥವಾ ಒಂದು ತಪ್ಪು ಪಟ್ಟಿ ಅದಕ್ಕೆ ಸಾಕು. ಪೋಷಕರಾದ ನೀವು ನೆರವಾಗಬೇಕಾದುದು ಇಲ್ಲಿಯೇ.

ಮೊದಲು ಕಾಗದಗಳನ್ನು ನೋಡಿ. ಜಾತಿ ಮತ್ತು ಆದಾಯ ಪ್ರಮಾಣ ಪತ್ರ ವಿದ್ಯಾರ್ಥಿಯ ಹೆಸರಿನಲ್ಲಿಯೇ ಇರಲಿ, ಅದರಲ್ಲಿರುವ ಆರ್.ಡಿ. ಸಂಖ್ಯೆಯನ್ನು ಒಂದಂಕಿಯೂ ತಪ್ಪದಂತೆ ಅರ್ಜಿಯಲ್ಲಿ ತುಂಬಬೇಕು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಮೀಸಲಾತಿ ಇದೆ. ಮಧ್ಯೆ ಶಾಲೆ ಬದಲಿಸಿದ್ದರೆ ಪ್ರತಿಯೊಂದು ಶಾಲೆಯ ದಾಖಲೆಯೂ ಬೇಕಾದೀತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳವರು 371(ಜೆ) ಅರ್ಹತಾ ಪತ್ರವನ್ನು ಉಪವಿಭಾಗಾಧಿಕಾರಿಗಳಿಂದ ಪಡೆಯಬೇಕು. ಇವೆಲ್ಲ ಪರೀಕ್ಷೆಗೆ ಮುಂಚೆಯೇ ಮುಗಿಯಲಿ. ಓದುವ ಮಗುವನ್ನು ನಾಡಕಚೇರಿಯ ಸಾಲಿನಲ್ಲಿ ನಿಲ್ಲಿಸುವುದು ಬೇಡ.

ಇನ್ನು ಪಟ್ಟಿಯ ವಿಷಯ. 1994ರಲ್ಲಿ ಸಿಇಟಿ ಆರಂಭವಾದ ನಂತರದ ವರ್ಷಗಳಲ್ಲಿ ವಿದ್ಯಾರ್ಥಿಗಳು ಬೆಂಗಳೂರಿಗೆ ಬಂದು, ಉಳಿದಿರುವ ಸೀಟುಗಳನ್ನು ಕಣ್ಣಾರೆ ನೋಡಿ ಆರಿಸಿಕೊಳ್ಳುತ್ತಿದ್ದರು. ಈಗ ಹಾಗಲ್ಲ. ಕಾಲೇಜು ಮತ್ತು ಕೋರ್ಸುಗಳನ್ನು ಮುಂಚಿತವಾಗಿ ಕ್ರಮದಲ್ಲಿ ನಮೂದಿಸಬೇಕು. ನಿಮ್ಮ ಮಗಳ ರ‍್ಯಾಂಕಿನ ಸರದಿ ಬಂದಾಗ ಗಣಕಯಂತ್ರ ಮೊದಲನೆಯ ಆಯ್ಕೆಯನ್ನು ನೋಡುತ್ತದೆ. ಅಲ್ಲಿ ಸೀಟಿದ್ದರೆ ಕೊಡುತ್ತದೆ, ಇಲ್ಲದಿದ್ದರೆ ಎರಡನೆಯದಕ್ಕೆ ಇಳಿಯುತ್ತದೆ. ಸಿಗಲಾರದ ಕಾಲೇಜನ್ನು ಮೇಲೆ ಬರೆದರೆ ನಷ್ಟವೇನೂ ಇಲ್ಲ. ನಷ್ಟವಾಗುವುದು, "ಇದಾದರೂ ಸಿಗಲಿ" ಎಂದು ಸಾಧಾರಣ ಕಾಲೇಜನ್ನು ಮೇಲಿಟ್ಟಾಗ. ಅದೇ ಸಿಕ್ಕಿಬಿಡುತ್ತದೆ, ಕೆಳಗೆ ಬರೆದ ಒಳ್ಳೆಯ ಕಾಲೇಜನ್ನು ಯಂತ್ರ ನೋಡುವುದೇ ಇಲ್ಲ! ಆದ್ದರಿಂದ ರ‍್ಯಾಂಕನ್ನು ಊಹಿಸಿ ಬರೆಯಬೇಡಿ, ಇಷ್ಟದ ಕ್ರಮದಲ್ಲಿ ಬರೆಯಿರಿ.

ಯಾರ ಇಷ್ಟ ಎಂದು ಕೇಳುತ್ತೀರಾ? ನಾಲ್ಕು ವರ್ಷ ತರಗತಿಯಲ್ಲಿ ಕೂರುವವರದು. ಸಿವಿಲ್ ಓದಬೇಕೆಂದಿರುವ ಹುಡುಗನ ಪಟ್ಟಿಯ ತುಂಬ ಅಪ್ಪ ಕಂಪ್ಯೂಟರ್ ಸೈನ್ಸ್ ಬರೆದರೆ, ಸಿಗುವುದೂ ಅದೇ. ಶುಲ್ಕ, ಹಾಸ್ಟೆಲು, ಊರಿನ ದೂರ ಇವುಗಳನ್ನು ನೀವು ಲೆಕ್ಕ ಹಾಕಿ ಹೇಳಿ. ಕೊಡಲಾಗದ ಶುಲ್ಕದ ಕಾಲೇಜನ್ನು ಪಟ್ಟಿಗೆ ಸೇರಿಸಲೇಬೇಡಿ. ಸೈಬರ್ ಅಂಗಡಿಯವರು ಟೈಪು ಮಾಡಿಕೊಡಲಿ, ಆದರೆ ಪಟ್ಟಿಯನ್ನು ಮನೆಯಲ್ಲೇ ಕಾಗದದ ಮೇಲೆ ಬರೆದುಕೊಂಡು ಹೋಗಿ. ಪಾಸ್‌ವರ್ಡ್ ನಿಮ್ಮಲ್ಲೇ ಇರಲಿ.

ಸೀಟು ಹಂಚಿಕೆಯಾದ ಮೇಲೆ ನಾಲ್ಕು ದಾರಿಗಳಿವೆ. ಒಪ್ಪಿ ಸೇರುವುದು ಮೊದಲನೆಯದು. ಸೀಟನ್ನು ಉಳಿಸಿಕೊಂಡು ಮುಂದಿನ ಸುತ್ತಿಗೆ ಕಾಯುವುದು ಎರಡನೆಯದು. ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು ಮೂರನೆಯದು. ಪೂರ್ತಿ ಹೊರಬರುವುದು ನಾಲ್ಕನೆಯದು. ಎರಡನೆಯದನ್ನು ಆರಿಸುವವರು ಒಂದು ಸಂಗತಿ ನೆನಪಿಡಬೇಕು: ಮುಂದಿನ ಸುತ್ತಿನಲ್ಲಿ ಮೇಲಿನ ಆಯ್ಕೆಯೊಂದು ಸಿಕ್ಕರೆ ಹಳೆಯ ಸೀಟು ತಾನಾಗಿಯೇ ರದ್ದಾಗುತ್ತದೆ, ಮತ್ತೆ ಬೇಕೆಂದರೆ ಬರುವುದಿಲ್ಲ. ಸಿಕ್ಕ ಸೀಟಿಗಿಂತ ಮೇಲಿರುವ ಹೆಸರುಗಳಲ್ಲಿ ನಿಜಕ್ಕೂ ಬೇಡವಾದದ್ದು ಇದೆಯೇ ಎಂದು, ಆಯ್ಕೆಗಳನ್ನು ಬದಲಿಸಲು ಅವಕಾಶ ಇರುವಾಗಲೇ ಮಗಳೊಂದಿಗೆ ಕುಳಿತು ನೋಡಿ.